ಕರ್ಣವೇಧ ಮತ್ತು ಹಚ್ಚೆ: ವ್ರಣರಕ್ಷಣೆಯ ಒಂದು ವಿಚಾರ

ಕಿವಿ ಚುಚ್ಚಿಸುವುದು, ಮೂಗು ಚುಚ್ಚಿಸುವುದು, ಹಚ್ಚೆ ಹುಯ್ಯಿಸುವುದು ಇವನ್ನು ಸಾಮಾಜಿಕ ಇತಿಹಾಸವನ್ನು ಬರೆಯುವವರು ಸಂಸ್ಕಾರ, ಅಲಂಕಾರ, ಕುಲಾಚಾರ ಎಂಬ ಪ್ರಕರಣಗಳಲ್ಲಿ ವಿಚಾರಿಸುವುದು ವಾಡಿಕೆ. ಆದರೆ ಸೂಜಿ ಚರ್ಮವನ್ನು ಹೊಕ್ಕ ಗಳಿಗೆಯಿಂದ ಅದು ಮಾಯುವವರೆಗೆ ಅಲ್ಲಿರುವುದು ಒಂದು ವ್ರಣ. ಈ ವ್ರಣವನ್ನು ನಮ್ಮ ಪೂರ್ವಿಕರು ಹೇಗೆ ರಕ್ಷಿಸಿಕೊಳ್ಳುತ್ತಿದ್ದರು, ಅವರ ಕ್ರಮದಲ್ಲಿ ಇಂದಿನ ವೈದ್ಯಶಾಸ್ತ್ರವು ಒಪ್ಪುವುದಾವುದು, ತಳ್ಳುವುದಾವುದು ಎಂಬುದನ್ನು ಈ ಲೇಖನದಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸಿದ್ದೇವೆ.

ಈ ವಿಷಯದಲ್ಲಿ ನಮಗೆ ದೊರೆಯುವ ಮುಖ್ಯ ಆಧಾರವು ಸುಶ್ರುತ ಸಂಹಿತೆ. ಹಲವು ಶತಮಾನಗಳಲ್ಲಿ ಬೆಳೆದು ಬಂದ ಈ ಗ್ರಂಥದ, ಕ್ರಿ.ಶ. 878ರ ಕಾಲವನ್ನು ಹೊತ್ತ ಹಸ್ತಪ್ರತಿಯೊಂದು ಕಾಠ್ಮಂಡುವಿನ ಕೈಸರ್ ಗ್ರಂಥಾಲಯದಲ್ಲಿದೆ. ಇದರ ಸೂತ್ರಸ್ಥಾನದ 16ನೆಯ ಅಧ್ಯಾಯವು ಕರ್ಣವೇಧದಿಂದ ಪ್ರಾರಂಭವಾಗುತ್ತದೆ. ಮಗುವಿನ ಕಿವಿಯನ್ನು ಚುಚ್ಚುವುದು ರಕ್ಷೆಗಾಗಿ ಮತ್ತು ಭೂಷಣಕ್ಕಾಗಿ ಎಂದು ಹೇಳಿದ ಮೇಲೆ, ಗ್ರಂಥಕಾರನು ಕೂಡಲೇ ಕ್ರಮಕ್ಕೆ ಇಳಿಯುತ್ತಾನೆ. ಆರನೆಯ ಅಥವಾ ಏಳನೆಯ ತಿಂಗಳಿನಲ್ಲಿ ಮಗುವನ್ನು ದಾದಿಯ ತೊಡೆಯ ಮೇಲೆ ಕುಳ್ಳಿರಿಸಿ, ಆಟಿಕೆಗಳಿಂದ ರಮಿಸಿ, ಸೂರ್ಯನ ಬೆಳಕಿನಲ್ಲಿ ಹಾಲೆಯನ್ನು ನೋಡಿ, ಬೆಳಕು ತೋರುವ ಸಹಜವಾದ ತೆಳುವಾದ ಎಡೆಯಲ್ಲಿ ನೇರವಾಗಿ ಚುಚ್ಚಬೇಕು. ಬಳಿಕ ಹತ್ತಿಯ ಬತ್ತಿಯನ್ನು ತೂರಿಸಿ ಕಾಯಿಸದ ಎಣ್ಣೆಯನ್ನು ತೊಡೆಯಬೇಕು. ಮೂರು ಮೂರು ದಿನಕ್ಕೊಮ್ಮೆ ಹಿಂದಿನದಕ್ಕಿಂತ ದಪ್ಪನಾದ ಬತ್ತಿಯನ್ನು ಇಡಬೇಕು.

ಇದಕ್ಕಿಂತ ಮಹತ್ತ್ವದ ಮಾತು ಮುಂದೆ ಬರುತ್ತದೆ. ರಕ್ತವು ಹೆಚ್ಚಾಗಿ ಹರಿದರೆ, ನೋವು ಮಿತಿಮೀರಿದರೆ, ಬೇರೆಡೆಯಲ್ಲಿ ಚುಚ್ಚಿದೆ ಎಂದು ತಿಳಿಯಬೇಕು. ಉಪದ್ರವವಿಲ್ಲದಿದ್ದರೆ ಸ್ಥಾನವು ಸರಿ. ಊತ, ಉರಿ, ಜ್ವರಗಳು ತೋರಿದರೆ ಅದಕ್ಕೆ ಗ್ರಂಥವು ಕೊಡುವ ಕಾರಣಗಳಲ್ಲಿ ಡೊಂಕಾದ ಇಲ್ಲವೆ ಕೆಟ್ಟ ಸೂಜಿ, ಅತಿ ದಪ್ಪನಾದ ಬತ್ತಿ, ತಪ್ಪಾದ ಎಡೆ ಇವು ಸೇರಿವೆ. ಆಗ ಬತ್ತಿಯನ್ನು ತೆಗೆದು, ಜೇನು ತುಪ್ಪಗಳಲ್ಲಿ ಕಲಸಿದ ಲೇಪವನ್ನು ಹಚ್ಚಿ, ಪೂರ್ತಿ ಮಾಯ್ದ ಮೇಲೆಯೇ ಮತ್ತೆ ಚುಚ್ಚಬೇಕೆಂದು ವಿಧಿ. ಅದೇ ಅಧ್ಯಾಯವು ಮುಂದೆ ಹರಿದ ಹಾಲೆಯನ್ನು ಕೂಡಿಸುವ ಹದಿನೈದು ಬಗೆಗಳನ್ನು ವಿವರಿಸುತ್ತದೆ. ಚುಚ್ಚುವುದನ್ನು ಬೋಧಿಸಿದವನು, ಅದು ಕೆಟ್ಟರೆ ಆಗುವ ಅನರ್ಥವನ್ನೂ ಕಂಡಿದ್ದನೆಂಬುದು ಇದರಿಂದ ಸ್ಪಷ್ಟವಾಗುತ್ತದೆ. 19ನೆಯ ಅಧ್ಯಾಯದಲ್ಲಿ ವ್ರಣವುಳ್ಳವನು ಉಗುರನ್ನು ಕತ್ತರಿಸಿಕೊಂಡು ಶುಚಿಯಾಗಿ ಬಿಳಿಯ ವಸ್ತ್ರವನ್ನು ಉಡಬೇಕು, ವ್ರಣವನ್ನು ಕೆರೆಯಬಾರದು ಎಂಬ ಸಾಮಾನ್ಯ ನಿಯಮಗಳೂ ಇವೆ.

ಕನ್ನಡ ನಾಡಿನ ರೂಢಿಯಲ್ಲಿ ಕಿವಿ ಚುಚ್ಚುವವನು ಅಕ್ಕಸಾಲಿ. ಹಚ್ಚೆ ಹುಯ್ಯುವವರು ಬಹುಮಟ್ಟಿಗೆ ಊರೂರು ತಿರುಗುವ ಕೊರವ ಸ್ತ್ರೀಯರು. ಚುಚ್ಚಿದ ಎಡೆಗೆ ಅರಿಸಿನ, ಎಣ್ಣೆ ಹಚ್ಚುವುದು, ತೂತು ಮುಚ್ಚದಂತೆ ಬೇವಿನ ಕಡ್ಡಿಯನ್ನು ಇಡುವುದು ಮನೆಮನೆಯ ಕ್ರಮವಾಗಿತ್ತು. ಮಾಯುವವರೆಗೆ ನೋಡಿಕೊಳ್ಳಬೇಕೆಂಬ ಎಚ್ಚರವು ಇಲ್ಲಿಯೂ ಇತ್ತು. ಇಲ್ಲದಿದ್ದುದು ಸೂಕ್ಷ್ಮಜೀವಿಗಳ ತಿಳಿವಳಿಕೆ. 1867ರಲ್ಲಿ ಲಿಸ್ಟರನು ವ್ರಣಶುದ್ಧಿಯ ಹೊಸ ವಿಧಾನವನ್ನು ಪ್ರಕಟಿಸಿದ ಮೇಲೆಯೇ ಈ ವಿಚಾರವು ಶಸ್ತ್ರವೈದ್ಯದಲ್ಲಿ ನೆಲೆಗೊಳ್ಳತೊಡಗಿತು. ರಕ್ತದ ಮೂಲಕ ಹರಡುವ ಹೆಪಟೈಟಿಸ್ ಬಿ ರೋಗಾಣುವಿನ ಸುಳಿವು 1965ರಲ್ಲಿ, ಎಚ್.ಐ.ವಿ.ಯದು 1983ರಲ್ಲಿ, ಹೆಪಟೈಟಿಸ್ ಸಿ ಯದು 1989ರಲ್ಲಿ ದೊರೆಯಿತು. ಒಂದೇ ಸೂಜಿಯು ಮನೆಯಿಂದ ಮನೆಗೆ ಹೋಗುತ್ತಿದ್ದಾಗ ಅದರೊಡನೆ ಏನು ಹೋಗಬಹುದಾಗಿತ್ತು ಎಂಬುದನ್ನು ಹಿಂದಿನವರು ಅರಿಯುವಂತಿರಲಿಲ್ಲ, ನಾವು ಅರಿತಿದ್ದೇವೆ.

ಈ ಅರಿವಿನ ಬೆಳಕಿನಲ್ಲಿ ಹಳೆಯ ಕ್ರಮವನ್ನು ಪರಿಶೀಲಿಸೋಣ. ಸರಿಯಾದ ಎಡೆ, ಒಳ್ಳೆಯ ಸೂಜಿ, ಶುಚಿ, ಕೆರೆಯದಿರುವುದು, ಅಪಾಯದ ಚಿಹ್ನೆಗಳನ್ನು ಗಮನಿಸುವುದು ಇವೆಲ್ಲ ಇಂದಿಗೂ ಮಾನ್ಯ. ಆದರೆ ಮಾಯುವ ಮುನ್ನವೇ ಬತ್ತಿಯನ್ನು ಬದಲಿಸುವುದು ಇಂದು ಸಮ್ಮತವಲ್ಲ; ಓಲೆಯನ್ನು ತಿರುಗಿಸುತ್ತಿದ್ದರೆ ಒಳಗೆ ಹೊಸದಾಗಿ ಕೂಡುತ್ತಿರುವ ಚರ್ಮವು ಹರಿಯುತ್ತದೆ. ಅಡಿಗೆಮನೆಯ ಅರಿಸಿನ, ಎಣ್ಣೆ, ಗಿಡದಿಂದ ಮುರಿದ ಕಡ್ಡಿ ಇವು ರೋಗಾಣುರಹಿತವಲ್ಲ. ಜೇನನ್ನು ಇಂದಿನ ವೈದ್ಯರೂ ಕೆಲವು ವ್ರಣಗಳಿಗೆ ಬಳಸುವುದುಂಟು. ಆದರೆ ಅದು ಅದಕ್ಕಾಗಿಯೇ ಶುದ್ಧೀಕರಿಸಿದ ಜೇನು.

ಹಾಲೆಯ ಗಾಯವು ಮಾಯಲು ಸುಮಾರು 6ರಿಂದ 8 ವಾರಗಳು ಬೇಕು. ಕಿವಿಯ ಮೇಲ್ಭಾಗದ ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ. ಆದುದರಿಂದ ಅಲ್ಲಿ ಚುಚ್ಚಿದ ಗಾಯಕ್ಕೆ ಹಲವು ತಿಂಗಳುಗಳೇ ಹಿಡಿಯುತ್ತವೆ, ಕೀವಾದರೆ ಕಿವಿಯ ಆಕಾರವೇ ಕೆಡುವ ಭಯವಿದೆ. ಕೈಯನ್ನು ಸಾಬೂನಿನಿಂದ ತೊಳೆದುಕೊಂಡ ಮೇಲೆಯೇ ಅದನ್ನು ಮುಟ್ಟಬೇಕು. ಔಷಧದ ಅಂಗಡಿಯಲ್ಲಿ ದೊರೆಯುವ ಶುದ್ಧ ಲವಣಜಲದಿಂದ ಗಾಯವನ್ನು ತೊಳೆಯಬೇಕು. ಸ್ಪಿರಿಟ್ ಮೊದಲಾದ ತೀಕ್ಷ್ಣ ದ್ರವಗಳು ಹೊಸ ಚರ್ಮವನ್ನು ಕೆಡಿಸುತ್ತವೆ.

ಹಚ್ಚೆಯಲ್ಲಿ ಬಣ್ಣವು ಚರ್ಮದ ಒಳಪದರದಲ್ಲಿ ನಿಲ್ಲುತ್ತದೆ. ಅಲ್ಲಿಗೆ ಸೇರಲು ಸೂಜಿಯು ಮೇಲ್ಪದರವನ್ನು ನೂರಾರು ಕಡೆ ಭೇದಿಸಿರುವುದರಿಂದ ಹೊಸ ಹಚ್ಚೆಯು ತರಚುಗಾಯದಂತಿರುತ್ತದೆ. ಮೇಲ್ಭಾಗವು ಮಾಯಲು 2ರಿಂದ 4 ವಾರಗಳು ಬೇಕು. ಸೌಮ್ಯವಾದ ಸಾಬೂನು ಮತ್ತು ಶುದ್ಧ ನೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರಸಿ, ಸುಗಂಧವಿಲ್ಲದ ಮುಲಾಮನ್ನು ತೆಳುವಾಗಿ ಸವರಬೇಕು. ಹಕ್ಕಳೆಯನ್ನು ಕೀಳಬಾರದು. ಕೆರೆ, ಹೊಳೆ, ಈಜುಕೊಳಗಳಲ್ಲಿ ಮುಳುಗಬಾರದು. ಬಿಸಿಲು ತಾಗದಂತೆ ಸಡಿಲವಾದ ಹತ್ತಿಬಟ್ಟೆಯನ್ನು ಧರಿಸಬೇಕು.

ಎರಡರಲ್ಲಿಯೂ ಕೆಂಪು ಹರಡುತ್ತಿದ್ದರೆ, ಕೀವು, ಜ್ವರ, ಹೆಚ್ಚುತ್ತಿರುವ ನೋವು ಕಂಡರೆ ಮನೆಯ ಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಆಗ ಓಲೆಯನ್ನು ತಾವಾಗಿ ತೆಗೆಯುವುದೂ ಸರಿಯಲ್ಲ. ತೂತು ಮುಚ್ಚಿ ಕೀವು ಒಳಗೇ ಉಳಿಯಬಹುದು. ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಪರಂಪರೆಯನ್ನು ಅನುಸರಿಸುತ್ತೇವೆಂದು ಹೇಳುವವರು ಅದರ ಅರಿಸಿನ ಎಣ್ಣೆಗಳನ್ನು ಉಳಿಸಿಕೊಂಡು, ಅದರ ಎಚ್ಚರವನ್ನು ಬಿಟ್ಟಿರುವುದನ್ನು ನಾವು ಕಾಣುತ್ತೇವೆ. ಆರು ತಿಂಗಳ ಮಗು ತನಗೆ ನೋವಾಗುತ್ತಿದೆಯೆಂದು ಹೇಳಲಾರದು. ಅದರ ಕಿವಿಯನ್ನು ದಿನವೂ ನೋಡುವ ಕಣ್ಣು ಹಿರಿಯರದೇ ಆಗಬೇಕು. ಜಾತ್ರೆಯಲ್ಲಿ ಹಚ್ಚೆಗೆ ಕೈ ನೀಡುವವನು ಸೂಜಿ ಹೊಸದೇ, ತನ್ನೆದುರಿಗೇ ಬಿಚ್ಚಿದ್ದೇ ಎಂದು ಮೊದಲು ಕೇಳಬೇಕು. ಕೆಟ್ಟ ಸೂಜಿಯನ್ನು ದೋಷವೆಂದು ಎಣಿಸಿದ ಪ್ರಾಚೀನ ಗ್ರಂಥಕಾರನು ಈ ಪ್ರಶ್ನೆಯನ್ನು ಆಕ್ಷೇಪಿಸುತ್ತಿರಲಿಲ್ಲವೆಂದು ನಮ್ಮ ಅಭಿಪ್ರಾಯ.