ಬೀಗ ಗಟ್ಟಿ, ಕೀಲಿಕೈ ಹೊಸಿಲಲ್ಲಿ

2024ರ ಮಾರ್ಚ್‌ನಲ್ಲಿ, ಶಿರಸಿಯ ಮಾರಿಕಾಂಬಾ ಜಾತ್ರೆಯ ನೂಕುನುಗ್ಗಲಿನಲ್ಲಿ ನನ್ನ ಸ್ಮಾರ್ಟ್‌ಫೋನ್ ಕಳುವಾಯಿತು. ಸಿದ್ದಾಪುರದ ಬಸ್ಸು ಹತ್ತಿ ಜೇಬಿಗೆ ಕೈಹಾಕಿದಾಗಲೇ ಗೊತ್ತಾದದ್ದು. ಫೋನಿನ ಬೆಲೆಗಿಂತ ಅದರೊಳಗಿದ್ದ ಪಾಸ್‌ವರ್ಡ್‌ಗಳದೇ ಚಿಂತೆಯಾಯಿತು; ಆ ವರ್ಷ ಅಡಿಕೆ ಮಾರಿದ ಹಣವೆಲ್ಲ ಖಾತೆಯಲ್ಲಿತ್ತು.

ಬಲ್ಲವರನ್ನು ಕೇಳಿದ ಮೇಲೆ ಆ ಭಯ ಅರ್ಧ ಇಳಿಯಿತು. ಈಗಿನ ಫೋನುಗಳು ಪಾಸ್‌ವರ್ಡ್‌ಗಳನ್ನು ಗೂಢಲಿಪಿಗೆ ತಿರುಗಿಸಿ ಇಡುತ್ತವೆ. ಅದನ್ನು ಬಿಡಿಸುವ ಕೀಲಿ ನಮ್ಮ ಲಾಕ್ ಸಂಖ್ಯೆಯೊಂದಿಗೆ ಹೆಣೆದುಕೊಂಡಿರುತ್ತದೆ. ಮತ್ತೆ ಮತ್ತೆ ತಪ್ಪು ಸಂಖ್ಯೆ ಒತ್ತಿದರೆ ಕಾಯಬೇಕಾದ ಹೊತ್ತು ಹೆಚ್ಚುತ್ತದೆ. ಫೋನು ಬಿಚ್ಚಿ ಮೆಮೊರಿ ಚಿಪ್ ಕಿತ್ತರೂ ಕಳ್ಳನಿಗೆ ಸಿಗುವುದು ಅರ್ಥವಿಲ್ಲದ ಅಕ್ಷರರಾಶಿ. ಯುಪಿಐ ಪಿನ್ ಅಂತೂ ಫೋನಿನಲ್ಲಿ ಇರುವುದೇ ಇಲ್ಲ, ಅದನ್ನು ತಾಳೆ ನೋಡುವುದು ಬ್ಯಾಂಕು.

ಉಳಿದರ್ಧ ಭಯಕ್ಕೆ ನಾನೇ ಕಾರಣ. ಮಿಠಾಯಿ ಅಂಗಡಿಯ ಮುಂದೆ ಹತ್ತಾರು ಜನರ ನಡುವೆ ನಾಲ್ಕಂಕಿಯ ಲಾಕ್ ಸಂಖ್ಯೆ ಒತ್ತಿದ್ದೆ. ಹಿಂದೆ ನಿಂತವನು ಅದನ್ನು ಕಂಡಿದ್ದರೆ ಮುಗಿಯಿತು. ಅನೇಕ ಫೋನುಗಳಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಅದೇ ಸಂಖ್ಯೆಗೆ ತೆರೆದುಕೊಳ್ಳುತ್ತವೆ. 2024ರ ಜನವರಿಯಲ್ಲಿ ಐಫೋನಿಗೆ ಬಂದ ಕಳವು ರಕ್ಷಣೆಯ ಸೌಲಭ್ಯ, ಪರಿಚಿತ ಸ್ಥಳದಿಂದಾಚೆ ಮುಖ ಅಥವಾ ಬೆರಳಚ್ಚನ್ನೇ ಕೇಳುವುದು ಇದಕ್ಕಾಗಿ.

ಇನ್ನು ಸಿಮ್. ಅದನ್ನು ತೆಗೆದು ಬೇರೊಂದು ಫೋನಿಗೆ ಹಾಕಿದರೆ ಒಟಿಪಿಗಳೆಲ್ಲ ಅಲ್ಲಿಗೇ ಬರುತ್ತವೆ. ಪಾಸ್‌ವರ್ಡ್ ಮರೆತಿದ್ದೇನೆ ಎಂದು ಒತ್ತಿ ಹೊಸದು ಪಡೆಯುವುದಕ್ಕೆ ಎಷ್ಟೋ ಕಡೆ ಅಷ್ಟೇ ಸಾಕು. ಸಿಮ್ಮಿಗೂ ಪ್ರತ್ಯೇಕ ಪಿನ್ ಹಾಕಬಹುದೆಂಬುದು ನನಗೆ ತಿಳಿದದ್ದೇ ಆಗ. ಹೇಳಲು ನಾಚಿಕೆ: ಗುಂಡಿ ಒತ್ತುವ ಫೋನಿನ ಕಾಲದಲ್ಲಿ ಕಾರ್ಡಿನ ರಹಸ್ಯ ಸಂಖ್ಯೆಯನ್ನು ‘ಎಟಿಎಂ ಮಾವ’ ಎಂಬ ಹೆಸರಿನಲ್ಲಿ ಸಿಮ್ಮಿನಲ್ಲೇ ಬರೆದಿಟ್ಟಿದ್ದೆ. ಅಲ್ಲಿ ಗೂಢಲಿಪಿಯೂ ಇಲ್ಲ, ಏನೂ ಇಲ್ಲ.

ಸಿಮ್ ತಡೆಹಿಡಿಯಲು ಇನ್ನೊಂದು ಫೋನು ಬೇಕು. ಬಸ್ಸಿನಲ್ಲಿ ಪಕ್ಕದವರನ್ನು ಕೇಳಲು ಸಂಕೋಚಪಟ್ಟು ಮನೆಗೆ ಬಂದೆ. ಸಿದ್ದಾಪುರ, ಯಲ್ಲಾಪುರಗಳ ಒಳಹಳ್ಳಿಗಳವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ: ಸ್ಥಿರ ದೂರವಾಣಿ ಸತ್ತು ವರ್ಷಗಳಾಗಿವೆ, ತೋಟದ ಕಣಿವೆಯಲ್ಲಿ ಸಿಗ್ನಲ್ ಇಲ್ಲ. ಹೆಂಡತಿಯ ಫೋನು ಹಿಡಿದು ಗುಡ್ಡ ಹತ್ತುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ಫೋನನ್ನೇ ನಿರ್ಬಂಧಿಸಲು 2023ರಿಂದ ಸಂಚಾರ್ ಸಾಥಿ ವ್ಯವಸ್ಥೆಯಿದೆ, ಹಣ ಹೋದರೆ 1930ಕ್ಕೆ ಕರೆ ಮಾಡಬಹುದು. ಆದರೆ ಆ ಎರಡು ತಾಸು ಕಳ್ಳನದಾಗಿತ್ತು.

ಅವನು ಏನೂ ಮಾಡಿರಲಿಲ್ಲ. ಮರುದಿನ ಹೊಸ ಸಿಮ್ ತಂದೆ. ಎಟಿಎಂ ಮಾವನನ್ನು ಮತ್ತೆ ಒಳಗೆ ಕರೆಯಲಿಲ್ಲ.