ಕಾವಲು ಕಾಯುವ ಲೆಕ್ಕ

ಮಾಲೂರು ಹೆಂಚು, ಇಟ್ಟಿಗೆಗಳಿಗೆ ಹೆಸರಾದ ಊರು. ಹೆಂಚಿನ ಮನೆಯೊಂದರ ಚಾವಣಿಯನ್ನು ನೆನಪಿಸಿಕೊಳ್ಳಿ. ನಿನ್ನೆ ಸಾಲಾಗಿದ್ದ ಹೆಂಚುಗಳಲ್ಲಿ ಇಂದು ನಾಲ್ಕು ಸರಿದಿವೆ. ರಾತ್ರಿ ಕೋತಿಯೋ ಬೆಕ್ಕೋ ಓಡಾಡಿರಬೇಕು ಎಂದು ಊಹಿಸುತ್ತೀರಿ, ಅಲ್ಲವೇ? ಓಡಾಡಿದ್ದನ್ನು ನೀವು ನೋಡಿಲ್ಲ. ನಿನ್ನೆಗೂ ಇಂದಿಗೂ ಇರುವ ವ್ಯತ್ಯಾಸವನ್ನು ಮಾತ್ರ ಕಂಡಿರಿ. ಕಾವಲು ಕ್ಯಾಮೆರಾಕ್ಕೆ ಜೋಡಿಸಿದ ಕಂಪ್ಯೂಟರ್ ಮಾಡುವುದೂ ಇದನ್ನೇ.

ಕ್ಯಾಮೆರಾ ತೆಗೆದ ಚಿತ್ರವೂ ಹೆಂಚು ಜೋಡಿಸಿದಂತೆ ಪುಟ್ಟ ಚೌಕಗಳಿಂದ ಆಗಿದೆ. ಈ ಚೌಕವೇ ಪಿಕ್ಸೆಲ್. ಅಡ್ಡಸಾಲಿನಲ್ಲಿ 640, ಕಂಬಸಾಲಿನಲ್ಲಿ 480 ಇದ್ದರೆ ಒಟ್ಟು 3,07,200 ಪಿಕ್ಸೆಲ್‌ಗಳು! ಕಪ್ಪು-ಬಿಳುಪು ಚಿತ್ರದಲ್ಲಿ ಪ್ರತಿ ಪಿಕ್ಸೆಲ್‌ಗೂ ಒಂದು ಸಂಖ್ಯೆ ಇರುತ್ತದೆ. ಕಡುಕಪ್ಪಿಗೆ 0, ಅಚ್ಚ ಬಿಳಿಗೆ 255. ತಂತ್ರಾಂಶವು ಹಿಂದಿನ ಚಿತ್ರದ ಸಂಖ್ಯೆಗಳನ್ನೂ ಹೊಸ ಚಿತ್ರದ ಸಂಖ್ಯೆಗಳನ್ನೂ ಹೋಲಿಸುತ್ತದೆ. ಬದಲಾದ ಪಿಕ್ಸೆಲ್‌ಗಳು ನಾವು ಗೊತ್ತುಪಡಿಸಿದ ಮಿತಿಯನ್ನು ದಾಟಿದರೆ, ಏನೋ ಚಲಿಸಿದೆ ಎಂದು ಆ ಚಿತ್ರವನ್ನು ಉಳಿಸಿಡುತ್ತದೆ.

ಮಿತಿ ತೀರಾ ಕಡಿಮೆಯಾದರೆ ಎಲೆ ಅಲುಗಿದರೂ ಎಚ್ಚರಿಕೆ ಬರುತ್ತದೆ. ‘ಹುಲಿ ಬಂತು ಹುಲಿ’ ಎಂದು ಸುಮ್ಮನೆ ಕೂಗುತ್ತಿದ್ದ ಹುಡುಗನ ಕಥೆ ಗೊತ್ತಲ್ಲ? ಕೊನೆಗೆ ಅದನ್ನು ಯಾರೂ ನಂಬುವುದಿಲ್ಲ. ಮಿತಿ ಹೆಚ್ಚಾದರೆ ದೂರದಲ್ಲಿ ನುಸುಳುವ ಕಳ್ಳ ತಪ್ಪಿಸಿಕೊಳ್ಳುತ್ತಾನೆ. ದೂರದ ಮನುಷ್ಯ ಚಿತ್ರದಲ್ಲಿ ಕೆಲವೇ ಪಿಕ್ಸೆಲ್‌ಗಳಷ್ಟು ಕಾಣುತ್ತಾನೆ! ಆದ್ದರಿಂದ ಮಿತಿಯನ್ನು ಹದವಾಗಿ ಇಡಬೇಕು. ಮರವಿರುವ ಭಾಗವನ್ನು ಲೆಕ್ಕದಿಂದ ಬಿಡಲೂಬಹುದು.

‘ಮೋಷನ್’, ‘ಜೋನ್‌ಮೈಂಡರ್’ ಎಂಬುವು ಈ ಕೆಲಸ ಮಾಡುವ ಸ್ವತಂತ್ರ ತಂತ್ರಾಂಶಗಳು. ಸ್ವತಂತ್ರ ಎಂದರೆ ಬರೀ ಪುಕ್ಕಟೆ ಎಂದಲ್ಲ. ತಂತ್ರಾಂಶವನ್ನು ಬಳಸುವ, ಅದರ ಒಳಗಿನ ಬರಹವನ್ನು ಓದಿ ತಿಳಿಯುವ, ತಿದ್ದುವ, ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಇಂತಹ ತಂತ್ರಾಂಶಗಳ ಕೆಲಸವನ್ನು ಸಾರಿದರು. ನಮ್ಮ ಮನೆಯ ಚಿತ್ರಗಳು ಬೇರೆಲ್ಲಿಗಾದರೂ ಹೋಗುತ್ತಿವೆಯೇ? ಒಳಗಿನ ಬರಹ ತೆರೆದಿದ್ದರೆ ತಿಳಿದವರು ಅದನ್ನು ಪರೀಕ್ಷಿಸಬಹುದು. ಹಾಗೆಯೇ, ನಮ್ಮ ಕ್ಯಾಮೆರಾ ನೆರೆಮನೆಯ ಅಂಗಳದತ್ತ ತಿರುಗಿರಬಾರದು. ಕಾವಲು ಬೇರೆ, ಇಣುಕುವುದು ಬೇರೆ.

ಮಾಡಿ ನೋಡಿ

ಎರಡು ಹಾಳೆಗಳಲ್ಲಿ 10 ಸಾಲು, ಸಾಲಿಗೆ 10ರಂತೆ 100 ಚೌಕ ಬರೆಯಿರಿ. ಮೊದಲ ಹಾಳೆಯ ಎಡಗಡೆ ಒಂದೇ ಸಾಲಿನ 4 ಚೌಕಗಳಿಗೆ ಕಪ್ಪು ಬಳಿಯಿರಿ. ಅದೇ ಬೆಕ್ಕು! ಎರಡನೆಯದರಲ್ಲಿ ಬೆಕ್ಕನ್ನು ಬಲಗಡೆಯ ತುದಿಗೆ ಕಳಿಸಿ. ಬದಲಾದ ಚೌಕಗಳನ್ನು ಎಣಿಸಿ. 4 ಅಲ್ಲ, 8! ಬೆಕ್ಕು ಬಿಟ್ಟುಹೋದ ಜಾಗವೂ ಬದಲಾಯಿತಲ್ಲ? ಪಕ್ಕಕ್ಕೆ ಒಂದೇ ಚೌಕ ಸರಿದರೆ ಎಷ್ಟು ಬದಲಾಗುತ್ತವೆ? ಅಲುಗದೆ ಮಲಗಿದ್ದರೆ? ಈ ಬೆಕ್ಕನ್ನು ಹಿಡಿಯಲು ನೀವು ಮಿತಿಯನ್ನು ಎಷ್ಟು ಇಡುತ್ತೀರಿ? ಗೆಳೆಯರೊಡನೆ ಚರ್ಚಿಸಿ.