ಮುಂದೆ ಚಿಕ್ಕದು, ಹಿಂದೆ ದೊಡ್ಡದು

ಒರಗಿ ಕುಳಿತು ತುಳಿಯುವ ಗಿಡ್ಡ ಚೌಕಟ್ಟಿನ ಸೈಕಲ್ಲನ್ನು ಮನೆಯಲ್ಲೇ ಕಟ್ಟುವವರಿಗೆ ಮುಂದೆ 20, ಹಿಂದೆ 26 ಇಂಚಿನ ಚಕ್ರವೇ ಲೇಸು. ಪೆಡಲ್ಲು ಇಲ್ಲಿ ಮುಂದಿನ ಚಕ್ರಕ್ಕಿಂತಲೂ ಮುಂದಿರುತ್ತದೆ; ಚಕ್ರ ದೊಡ್ಡದಾದರೆ ತಿರುವಿನಲ್ಲಿ ಹಿಮ್ಮಡಿ ಟೈರಿಗೆ ತಾಗುತ್ತದೆ. ಪೆಡಲ್ಲು ಎತ್ತರಿಸೋಣವೆಂದರೆ ಸೀಟೂ ಏರಬೇಕು, ನಿಂತಾಗ ಕಾಲು ನೆಲಕ್ಕೆ ಎಟುಕುವುದು ಕಷ್ಟ. ಚಿಕ್ಕ ಚಕ್ರ ಗುಂಡಿಯಲ್ಲಿ ಕುಕ್ಕುತ್ತದೆಂಬ ಆಕ್ಷೇಪ ನಿಜವೇ, ಆದರೆ ಅಗಲದ ಟೈರಿಗೆ ಗಾಳಿ ತುಸು ಕಡಿಮೆ ತುಂಬಿದರೆ ಕುಲುಕಾಟ ಎಷ್ಟೋ ತಗ್ಗುತ್ತದೆ. ಹಾಗಾದರೆ ಹಿಂದೆಯೂ 20 ಯಾಕಾಗದು? ಪೆಡಲಿಗೆ 52 ಹಲ್ಲು, ಹಿಂದೆ 13 ಹಲ್ಲು ಇದ್ದರೆ ಒಂದು ತುಳಿತದ ಸುತ್ತಿಗೆ 26 ಇಂಚಿನ ಚಕ್ರ ಸುಮಾರು 8 ಮೀಟರ್ ಓಡುತ್ತದೆ, 20 ಇಂಚಿನದು ಆರು ಚಿಲ್ಲರೆ. ಅಂಗಡಿಯಲ್ಲಿ ಮಾತ್ರ ‘20’ ಎಂಬ ಅಂಕಿಯನ್ನಷ್ಟೇ ನಂಬಬೇಡಿ. ಟೈರಿನ ಪಕ್ಕೆಯಲ್ಲಿ 406 ಎಂದಿದೆಯೋ 451 ಎಂದಿದೆಯೋ ನೋಡಿ. ಒಂದರ ಟೈರು ಇನ್ನೊಂದರ ರಿಮ್ಮಿಗೆ ಕೂರುವುದಿಲ್ಲ. ಬಿಎಂಎಕ್ಸ್ ಸೈಕಲ್ಲಿನ 406 ಆದರೆ ಟೈರು ಹುಡುಕಿ ಅಲೆಯುವುದು ತಪ್ಪುತ್ತದೆ.